ಕಂಬಿಗೆ ತುಕ್ಕು ಹಿಡಿಸುವ ಕ್ರಮ (ಕರಾವಳಿ ಆವೃತ್ತಿ)

ಕೋಟೇಶ್ವರದಲ್ಲಿ ಮನೆ ಕಟ್ಟಿಸುತ್ತಿದ್ದೀರಾ? ಅರ್ಧ ಕೆಲಸ ಪಡುಗಾಳಿಯೇ ಮಾಡಿಕೊಡುತ್ತದೆ. ಉಳಿದರ್ಧಕ್ಕೆ ಈ ಕೈಪಿಡಿ.

ಮೊದಲು ಹೊಯ್ಗೆ. ಉಪ್ಪುನೀರಿನದ್ದೇ ತರಿಸಿ, ತೊಳೆಯಬೇಡಿ. ಸಂಶಯವಿದ್ದರೆ ಚಿಟಿಕೆ ನಾಲಿಗೆಗಿಟ್ಟು ನೋಡಿ. ರುಚಿ ಬಂದರೆ ಸರಿ.

ಆಮೇಲೆ ಕಂಬಿಯ ಮೇಲಿನ ಕಾಂಕ್ರೀಟ್ ಹೊದಿಕೆ. 2000ದ ಭಾರತೀಯ ಮಾನಕ ಐಎಸ್ 456 ಕರಾವಳಿಯಲ್ಲಿ 45 ಮಿ.ಮೀ., ಕಡಲ ನೀರು ಸಿಡಿಯುವಲ್ಲಿ 50 ಮಿ.ಮೀ. ಕೇಳುತ್ತದೆ. ಕೇಳಲಿ. ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಸಿಕ್ಕಿಸಿ. ಕಾಂಕ್ರೀಟ್ ಹಾಕುವವರು ಮೇಲೆ ಓಡಾಡುವಾಗ ಚೂರು ಜಾರಿ, ಕಂಬಿ ಸೆಂಟ್ರಿಂಗ್ ಹಲಗೆಗೇ ಒರಗಿಕೊಳ್ಳುತ್ತದೆ. ಈ ಹಂತ ತಪ್ಪಿಸಬೇಡಿ. ಸಿಮೆಂಟಿನ ಕ್ಷಾರ ಕಂಬಿಯ ಮೈಗೆ ಕಣ್ಣಿಗೆ ಕಾಣದ ಪೊರೆ ಹೊದಿಸಿ ಕಾಯುತ್ತದೆ, ಉಪ್ಪಿನ ಕ್ಲೋರೈಡ್ ಆ ಪೊರೆಯನ್ನು ತೂತು ಮಾಡುತ್ತದೆ. ಹೊದಿಕೆ ತೆಳುವಾದಷ್ಟೂ ಕ್ಲೋರೈಡಿಗೆ ನಡಿಗೆ ಕಡಿಮೆ. ತುಕ್ಕಿಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಕಾದ್ದರಿಂದ ಮುಂದಿನದನ್ನು ಅದೇ ನೋಡಿಕೊಳ್ಳುತ್ತದೆ.

ನಮ್ಮಲ್ಲಿ ಈ ಕ್ರಮ ಫಲ ಕೊಟ್ಟಿದೆ. ಸಜ್ಜಾದ ಅಡಿ ಮೊದಲು ಚಹಾ ಚೆಲ್ಲಿದಂಥ ಕಲೆ, ಮರುವರ್ಷದ ಮಳೆಗೆ ಕೂದಲೆಳೆಯ ಬಿರುಕು. ಒಂದು ಮಧ್ಯಾಹ್ನ ಅಂಗೈಯಗಲದ ಚಕ್ಕೆ ತುಳಸಿಕಟ್ಟೆ ಬದಿಗೆ ಬಿತ್ತು. ಕಂಬಿಯನ್ನು ಉಗುರಲ್ಲಿ ಕೆರೆದರೆ ಹಳೇ ಹಪ್ಪಳದ ಹಾಗೆ ಪದರ ಪದರ ಎದ್ದಿತು. "ಎಂತ ಆತಿಲ್ಲ ಮಾರಾಯ್ರೆ, ಒಂದ್ ಕೈ ಗಾರೆ ಹೊಡ್ದ್ರೆ ಸೈ" ಅಂದರು ಮೇಸ್ತ್ರಿ.

ಎಚ್ಚರಿಕೆ: ಸಿಮೆಂಟೇ ಇಲ್ಲದ ಕಾಂಕ್ರೀಟ್ ಬಂದಿದೆ. ಕಲ್ಲಿದ್ದಲು ವಿದ್ಯುತ್ ಸ್ಥಾವರದ (ನಮಗೆ ಹತ್ತಿರದ್ದು ಎಲ್ಲೂರಿನದು) ಹಾರುಬೂದಿ, ಕಬ್ಬಿಣದ ಊದುಕುಲುಮೆಯ ಕಿಟ್ಟದ ಪುಡಿ, ಇವಕ್ಕೆ ಕಾಸ್ಟಿಕ್ ಸೋಡಾ, ವಾಟರ್ ಗ್ಲಾಸ್ ಬೆರೆಸಿ ಗಟ್ಟಿ ಮಾಡುತ್ತಾರೆ. ಹದ ಸರಿಯಿದ್ದರೆ ಆಮ್ಲ, ಸಲ್ಫೇಟಿಗೆ ಬೇಗನೆ ಜಗ್ಗುವುದಿಲ್ಲ, ಕ್ಲೋರೈಡಿಗೂ ಸುಲಭಕ್ಕೆ ದಾರಿ ಬಿಡುವುದಿಲ್ಲ. ಧೈರ್ಯಗೆಡಬೇಡಿ, ಇದನ್ನೂ ಕೆಡಿಸಬಹುದು. ಬರೀ ಬೂದಿಯದಾದರೆ ಅರವತ್ತು ಡಿಗ್ರಿ ಆಸುಪಾಸಿನ ಬಿಸಿಯಲ್ಲಿಟ್ಟು ಗಟ್ಟಿ ಮಾಡಬೇಕು. ನೀವು ಆಟಿ ತಿಂಗಳ ಮಳೆಗೆ ಬಿಡಿ. ಈ ಕಾಂಕ್ರೀಟಿನೊಳಗೆ ಸುಣ್ಣದ ದಾಸ್ತಾನು ಕಡಿಮೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಕ್ಷಾರವನ್ನು ಬೇಗ ಇಳಿಸಬಲ್ಲದು. ಜಲ್ಲಿ ಚೂರಿನ ಉಪಾಯ ಇಲ್ಲೂ ನಡೆಯುತ್ತದೆ. 2020ರ ಐಎಸ್ 17452 ಇದರ ಪ್ರೀಕಾಸ್ಟ್ ತುಂಡುಗಳಿಗೆ ಮಾರ್ಗದರ್ಶಿ. ಅದನ್ನು ಮೇಸ್ತ್ರಿಯ ಕೈಗೆ ಸಿಗದಂತೆ ಇಡಿ.

ಇಷ್ಟಾಗಿಯೂ ತುಕ್ಕು ಬಾರದಿದ್ದರೆ, ಒಳಗೆ ಕಂಬಿ ಇದೆಯೇ ಎಂದು ಪರೀಕ್ಷಿಸಿ. ಇಲ್ಲಿನ ದೇವಸ್ಥಾನದ ಕೆರೆ ಕೋಟಿತೀರ್ಥದ ಕಲ್ಲಿನ ಮೆಟ್ಟಿಲುಗಳ ಮೇಲೆ ಈ ಕ್ರಮ ನಡೆಯುವುದಿಲ್ಲ. ಅಲ್ಲಿ ಪಾಚಿ ಮಾತ್ರ ಬರುತ್ತದೆ.