ಗುದ್ದು ತಿಂದ ಮೇಜಿಗೊಂದು ಬಹಿರಂಗ ಪತ್ರ

ನಾರ್ವೆ ದೇಶದ ಸ್ಟಾವಂಗರಿನ ಮಾನ್ಯ ಮೇಜಣ್ಣನವರ ಸನ್ನಿಧಾನಕ್ಕೆ,

ಬೆಂಗಳೂರಿನಿಂದ ಚೆಸ್ ಆಡುವ ಹುಡುಗಿಯೊಬ್ಬಳ ಅಪ್ಪ ಮಾಡುವ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ ಎನ್ನೋಣವೆಂದರೆ ನಾಲಿಗೆ ತಡೆಯುತ್ತದೆ. 2025ರ ಜೂನ್ 1ರಂದು ನಿಮಗೇನಾಯಿತೆಂದು ಲೋಕವೆಲ್ಲ ಮೊಬೈಲಿನಲ್ಲಿ ನೋಡಿಯಾಗಿದೆ. ಅದೂ ನಿಧಾನಗತಿಯಲ್ಲಿ, ಹಿಂದೊಂದು ಸಿನಿಮಾ ಹಾಡು ಹಾಕಿ. ಮ್ಯಾಗ್ನಸ್ ಕಾರ್ಲ್‌ಸನ್ ಅವರು ಕೈಗೆ ಬಂದಿದ್ದ ಆಟವನ್ನು ಗಡಿಯಾರದ ಗಡಿಬಿಡಿಯಲ್ಲಿ ಒಂದು ಕುದುರೆ ನಡೆಸಿ ಕಳೆದುಕೊಂಡರು. ಎದುರಿಗಿದ್ದವನು ನಮ್ಮ ಚೆನ್ನೈ ಹುಡುಗ ಗುಕೇಶ್, ಹತ್ತೊಂಬತ್ತು ತುಂಬಿ ಮೂರು ದಿನವಾಗಿತ್ತಷ್ಟೆ. ಕ್ಲಾಸಿಕಲ್ ಆಟದಲ್ಲಿ ಅವನು ಕಾರ್ಲ್‌ಸನ್ನರನ್ನು ಸೋಲಿಸಿದ್ದು ಅದೇ ಮೊದಲು. ತಪ್ಪು ನಡೆ ಇಟ್ಟಿದ್ದು ಅವರ ಕೈ, ಮುಷ್ಟಿಯಾಗಿದ್ದೂ ಅದೇ ಕೈ, ಗುದ್ದು ಮಾತ್ರ ನಿಮಗೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂದು ನಮ್ಮಲ್ಲಿ ಹೇಳುತ್ತಾರೆ. ಕೊತ್ತಿಗಾದರೂ ಓಡಿಹೋಗಲು ನಾಲ್ಕು ಕಾಲಿವೆ. ನಿಮಗೂ ಇವೆ, ಏನು ಪ್ರಯೋಜನ?

ಆಮೇಲೆ ಅವರು ಗುಕೇಶನ ಬಳಿ ಕ್ಷಮೆ ಕೇಳಿದರು, ಹೊರಡುವಾಗ ಬೆನ್ನು ತಟ್ಟಿದರು. ನಿಮ್ಮನ್ನು ಯಾರೂ ಮಾತಾಡಿಸಿದಂತೆ ಕಾಣಲಿಲ್ಲ. ಆ ಕೊರತೆ ನೀಗಲೆಂದೇ ಈ ಪತ್ರ.

ಒಂದು ಲೆಕ್ಕಕ್ಕೆ ತಪ್ಪು ಆಟದ್ದೇ. ಬೇರೆ ಆಟಗಳಲ್ಲಿ ಸೋತವರಿಗೆ ಎಷ್ಟೊಂದು ಅನುಕೂಲ! ಕ್ರಿಕೆಟ್ಟಿನಲ್ಲಿ ಟಾಸ್ ಇದೆ, ಪಿಚ್ ಇದೆ, ರಾತ್ರಿ ಬೀಳುವ ಇಬ್ಬನಿ ಇದೆ, ಅಂಪೈರಿನ ಕಣ್ಣಿದೆ. ಇಸ್ಪೀಟಿನಲ್ಲಿ ಎಲೆ ಸರಿಯಾಗಿ ಬೀಳಲಿಲ್ಲ ಎನ್ನಬಹುದು. ಪಗಡೆಯಲ್ಲಿ ಎಲ್ಲ ಕಳೆದುಕೊಂಡ ಧರ್ಮರಾಯನಿಗೂ ಹೇಳಿಕೊಳ್ಳಲು ಶಕುನಿಯ ದಾಳಗಳಿದ್ದವು. ಚೆಸ್ಸಿನಲ್ಲಿ ಇಬ್ಬರಿಗೂ ಹದಿನಾರೇ ಕಾಯಿ, ಇಬ್ಬರಿಗೂ ಅವೇ ಅರವತ್ತನಾಲ್ಕು ಮನೆ. ಕುಣಿಯಲಾರದವಳು ನೆಲ ಡೊಂಕು ಎನ್ನಲು ಇಲ್ಲಿ ನೆಲವೂ ಡೊಂಕಿಲ್ಲ. ಹಾಗಾಗಿ ಸೋತವರು ಸುತ್ತ ಕಣ್ಣಾಡಿಸುತ್ತಾರೆ. ಕೈಗೆ ಸಿಗುವುದು ನಿಮ್ಮ ಕುಲದವರು.

(ಡೊಂಕು ಮಾಡಿಕೊಳ್ಳುವ ಉಪಾಯವೂ ಹಳೆಯದೇ. ಎದುರಾಳಿಯ ಕಣ್ಣಿಗೆ ಬಿಸಿಲು ಹೊಡೆಯುವಂತೆ ಬೋರ್ಡು ಇಡಿ ಎಂದು ಸ್ಪೇನಿನ ರುಯ್ ಲೋಪೆಸ್ 1561ರ ತನ್ನ ಪುಸ್ತಕದಲ್ಲೇ ಬುದ್ಧಿ ಹೇಳಿದ್ದಾನೆ. ಆತ ಪಾದ್ರಿ! ಅವನ ಹೆಸರಿನ ಆರಂಭದ ನಡೆಗಳನ್ನು ನಮ್ಮ ಮಕ್ಕಳಿಗೆ ಇಂದಿಗೂ ಕೋಚುಗಳು ಕಲಿಸುತ್ತಾರೆ. ಬಿಸಿಲಿನ ಪಾಠವನ್ನು ಮಕ್ಕಳು ತಾವೇ ಕಲಿಯುತ್ತಾರೆ.)

ನಿಮ್ಮ ವಂಶದ ಚರಿತ್ರೆ ನಿಮಗೇ ಗೊತ್ತಿರಬಹುದು. ಆದರೂ ಸಮಾಧಾನಕ್ಕೆಂದು ನೆನಪಿಸುತ್ತೇನೆ. ಆರನ್ ನಿಮ್ಜೊವಿಚ್ ಬರ್ಲಿನ್ನಿನಲ್ಲಿ ಸೋತಾಗ ಮೇಜಿನ ಮೇಲೇ ಹತ್ತಿ ನಿಂತು, ಇಂಥ ದಡ್ಡನ ಕೈಲಿ ನಾನು ಸೋಲಬೇಕೇ ಎಂದು ಕೂಗಿದನಂತೆ. ಅಲೆಖಿನ್ 1922ರಲ್ಲಿ ವಿಯೆನ್ನಾದಲ್ಲಿ ಸೋಲೊಪ್ಪಿದ್ದು ತನ್ನ ರಾಜನನ್ನೇ ಎತ್ತಿ ದೂರ ಎಸೆದು. ಬೇರೊಮ್ಮೆ ಹೋಟೆಲ್ ಕೋಣೆಯ ಸಾಮಾನನ್ನೆಲ್ಲ ಪುಡಿಗಟ್ಟಿದನೆಂದೂ ಹೇಳುತ್ತಾರೆ. ಪೆಟ್ರೋಸಿಯನ್ ಮತ್ತು ಕೊರ್ಚ್‌ನೊಯ್ ಮೇಜಿನ ಕೆಳಗೆ ಒಬ್ಬರನ್ನೊಬ್ಬರು ಒದೆಯದಿರಲೆಂದು ನಡುವೆ ಹಲಗೆಯ ಅಡ್ಡ ಹಾಕಿದ್ದರೆಂಬ ಕಥೆಯೂ ಇದೆ. ಇಬ್ಬರೂ ದೊಡ್ಡ ದೊಡ್ಡ ಗ್ರ್ಯಾಂಡ್‌ಮಾಸ್ಟರುಗಳು, ಇಬ್ಬರಿಗೂ ನಲವತ್ತು ದಾಟಿತ್ತು. ನಮ್ಮ ಒಂದನೇ ಕ್ಲಾಸಿನಲ್ಲಿ ಬೆಂಚಿನ ಮಧ್ಯೆ ಸೀಮೆಸುಣ್ಣದ ಗೆರೆ ಎಳೆದರೆ ಸಾಕಾಗುತ್ತಿತ್ತು.

ನಿಮ್ಮ ತಮ್ಮಂದಿರಾದ ಕುರ್ಚಿಗಳ ಪಾಡು ಇನ್ನೂ ಕಷ್ಟ. 1972ರಲ್ಲಿ ರೇಕ್ಯಾವಿಕ್‌ನ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಸ್ಪಾಸ್ಕಿ ಸೋಲುತ್ತಾ ಹೋದಾಗ, ಫಿಷರ್ ಕಡೆಯವರು ಏನೋ ಯಂತ್ರ ಅಡಗಿಸಿದ್ದಾರೆಂದು ಸೋವಿಯತ್ತಿನವರು ದೂರು ಕೊಟ್ಟರು. ಕುರ್ಚಿಗಳಿಗೆ ಎಕ್ಸ್‌ರೇ ಆಯಿತು. ದೀಪದ ಗೂಡು ಬಿಚ್ಚಿ ನೋಡಿದರೆ ಸಿಕ್ಕಿದ್ದು ಎರಡು ಸತ್ತ ನೊಣ. ಆರು ವರ್ಷದ ಮೇಲೆ ಫಿಲಿಪ್ಪೀನ್ಸಿನ ಬಾಗಿಯೊದಲ್ಲಿ ಕೊರ್ಚ್‌ನೊಯ್ ಕುರ್ಚಿಗೂ ಅದೇ ಯೋಗ. ಅಲ್ಲಿ ಎದುರಾಳಿ ಕಾರ್ಪೊವ್ ಅವರಿಗೆ ಆಟದ ನಡುವೆ ಒಂದು ಬಟ್ಟಲು ಮೊಸರು ಬಂತು. ಈ ಹೊತ್ತಿಗೆ ಈ ಮೊಸರೇ ಯಾಕೆ, ಇದರಲ್ಲಿ ಗುಪ್ತ ಸಂದೇಶವಿರಬಹುದಲ್ಲ ಎಂದು ಕೊರ್ಚ್‌ನೊಯ್ ಬಳಗ ತಕರಾರು ಎತ್ತಿತು. ಮೊಸರಲ್ಲಿ ಕಲ್ಲು ಹುಡುಕುವುದನ್ನು ಗಾದೆಯಾಗಿ ಕೇಳಿದ್ದೆವು, ಅಲ್ಲಿ ಅದು ಲಿಖಿತ ದೂರಾಯಿತು. ಸಭಿಕರ ನಡುವೆ ಕೂತು ಕೊರ್ಚ್‌ನೊಯ್‌ರನ್ನೇ ದಿಟ್ಟಿಸಲೆಂದು ಕಾರ್ಪೊವ್ ಕಡೆಯವರು ಝುಖಾರ್ ಎಂಬ ಮನಶ್ಶಾಸ್ತ್ರಜ್ಞನನ್ನು ಕರೆತಂದಿದ್ದರು. ಆ ದೃಷ್ಟಿಗೆ ಪ್ರತಿಯಾಗಿ ಕೊರ್ಚ್‌ನೊಯ್ ಕನ್ನಡಿಯಂತೆ ಹೊಳೆಯುವ ಕನ್ನಡಕ ಹಾಕಿದರು. ಅದೂ ಸಾಲದೆ ನಮ್ಮ ದೇಶದಲ್ಲೇ ಹುಟ್ಟಿದ ಆನಂದಮಾರ್ಗದ ಇಬ್ಬರು ಕಾವಿಧಾರಿಗಳನ್ನು ಧ್ಯಾನಕ್ಕೆ ಕೂರಿಸಿಕೊಂಡರು. ಅವರಿಬ್ಬರೂ ಕೊಲೆಯತ್ನದ ಕೇಸಿನಲ್ಲಿ ಜಾಮೀನಿನ ಮೇಲೆ ಹೊರಗಿದ್ದವರು! ಇಷ್ಟೆಲ್ಲ ಆದಮೇಲೆ ಕಾರ್ಪೊವ್ ಆರು ಗೆದ್ದರು, ಕೊರ್ಚ್‌ನೊಯ್ ಐದು. ಮೊಸರು, ದೃಷ್ಟಿ, ಕಾವಿ ಎಲ್ಲ ಸೇರಿ ಎಷ್ಟು ಆಟ ಗೆದ್ದವೋ ದೇವರೇ ಬಲ್ಲ.

ಇವರೆಲ್ಲರ ಮುಂದೆ ನಿಮಗೆ ಬಿದ್ದ ಗುದ್ದು ಎಷ್ಟೋ ಮರ್ಯಾದಸ್ಥ ಗುದ್ದು, ಮೇಜಣ್ಣ. ಬೇಜಾರು ಮಾಡಿಕೊಳ್ಳಬೇಡಿ. ಮನಸ್ಸಿನಲ್ಲಿದ್ದದ್ದು ಕೈಯಲ್ಲಿ ಬಂತು, ಬಂದು ಮುಗಿಯಿತು. ಗುಕೇಶನೂ ಆಮೇಲೆ, ನಾನೂ ಎಷ್ಟೋ ಮೇಜು ಗುದ್ದಿದ್ದೇನೆ ಎಂದುಬಿಟ್ಟ. ಆ ಸಾಧು ಮುಖ ನೋಡಿ ನಂಬುವುದು ಕಷ್ಟ, ನಿಮ್ಮ ಚೆನ್ನೈ ಬಂಧುಗಳನ್ನು ಕೇಳಿ ನೋಡಿ. ನನಗೆ ಹಿಡಿಸದೇ ಹೋಗಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಆರ್ಲಿಂಗ್ಟನ್‌ನಲ್ಲಿ ನಡೆದದ್ದು. ಹಿಕಾರು ನಾಕಾಮುರ ಗುಕೇಶನನ್ನು ಸೋಲಿಸಿದ ಮೇಲೆ ಅವನ ರಾಜನನ್ನು ಎತ್ತಿ ಸಭಿಕರತ್ತ ಎಸೆದರು. ಮನರಂಜನೆಯ ಪಂದ್ಯ, ಜನಕ್ಕೆ ಖುಷಿಯಾಗಲೆಂದು ಮಾಡಿದ್ದು ಎಂಬ ಸಮಜಾಯಿಷಿ ಬಂತು. ಗುಕೇಶ್ ಸುಮ್ಮನೆ ಕೂತು ಉಳಿದ ಕಾಯಿಗಳನ್ನು ಅವುಗಳ ಮನೆಯಲ್ಲಿಟ್ಟ. ಸೋತವನ ಸಿಟ್ಟಿಗೆ ಒಂದು ಕಾರಣವಾದರೂ ಇರುತ್ತದೆ. ಗೆದ್ದವನಿಗೇನು ಬಂತು?

ಆದರೆ ನೀವು ನಿಜವಾಗಿ ಹೆದರಬೇಕಾದ್ದು ಗುದ್ದುವವರಿಗಲ್ಲ, ನಿಮ್ಮ ಮುಂದಿನಿಂದ ಮೆಲ್ಲಗೆ ಎದ್ದು ಹೋಗುವವರಿಗೆ. 2006ರಲ್ಲಿ ಎಲಿಸ್ತಾದಲ್ಲಿ ವಿಶ್ವ ಚಾಂಪಿಯನ್‌ಶಿಪ್ಪಿನ ಚರ್ಚೆಯೆಲ್ಲ ಆನೆ ಕುದುರೆ ಬಿಟ್ಟು ಪಾಯಿಖಾನೆಗೆ ಬಂತು. ಕ್ರಾಮ್ನಿಕ್ ಒಂದೇ ಆಟದಲ್ಲಿ ಐವತ್ತಕ್ಕೂ ಹೆಚ್ಚು ಸಲ ಹೋಗಿಬಂದರೆಂದು ಮೋಸದ ಗುಮಾನಿಯಿಂದ ಎದುರಾಳಿ ಟೊಪಲೊವ್ ಕಡೆಯವರು ಲೆಕ್ಕ ಒಪ್ಪಿಸಿದರು. ಎಣಿಸುತ್ತಾ ಕೂತವರ ತಾಳ್ಮೆಯನ್ನು ಮೆಚ್ಚಬೇಕು. ಅವರವರ ಶೌಚಾಲಯಕ್ಕೆ ಬೀಗ ಬಿತ್ತು, ಕ್ರಾಮ್ನಿಕ್ ಮುನಿಸಿಕೊಂಡು ಐದನೇ ಆಟಕ್ಕೆ ಬರಲೇ ಇಲ್ಲ, ಆ ಅಂಕ ಎದುರಾಳಿಗೆ ಹೋಯಿತು. ಕೊನೆಗೆ ಟೈಬ್ರೇಕಿನಲ್ಲಿ ಗೆದ್ದವರು ಕ್ರಾಮ್ನಿಕ್ಕೇ. ಮೋಸಕ್ಕೆ ಸಾಕ್ಷಿ ಸಿಗಲಿಲ್ಲ.

ದುಬೈಯಲ್ಲಿ ಮಾತ್ರ ಸಾಕ್ಷಿ ಸಿಕ್ಕಿತು. 2015ರಲ್ಲಿ ಜಾರ್ಜಿಯಾದ ಗ್ರ್ಯಾಂಡ್‌ಮಾಸ್ಟರ್ ಗಾಯೊಜ್ ನಿಗಾಲಿಡ್ಜೆ ಕಷ್ಟದ ನಡೆ ಬಂದಾಗಲೆಲ್ಲ ಎದ್ದು ಹೋಗುತ್ತಿದ್ದ, ಅದೂ ಪ್ರತಿ ಸಲ ಅದೇ ಕೋಣೆಗೆ. ಎದುರಾಳಿಗೆ ಅನುಮಾನ ಬಂದು ಹುಡುಕಿಸಿದರೆ ಟಿಶ್ಯೂ ಕಾಗದ ಹೊದ್ದು ಮಲಗಿದ್ದ ಫೋನು. ನನ್ನದಲ್ಲ ಎಂದ. ತೆರೆದು ನೋಡಿದರೆ ಅವನದೇ ಸೋಶಿಯಲ್ ಮೀಡಿಯಾ ಖಾತೆ, ಚೆಸ್ ಆಪಿನಲ್ಲಿ ನಡೆಯುತ್ತಿದ್ದ ಅದೇ ಆಟ! ಮೂರು ವರ್ಷ ನಿಷೇಧವಾಯಿತು, ಪದವಿಯೂ ಹೋಯಿತು. ಹತ್ತು ನಡೆ ಮುಂದೆ ಯೋಚಿಸುವ ಮನುಷ್ಯನಿಗೆ ಲಾಗೌಟ್ ಆಗುವ ಒಂದು ನಡೆ ಹೊಳೆಯಲಿಲ್ಲ.

ನಮ್ಮವರೇನು ಕಮ್ಮಿಯಿಲ್ಲ. 2006ರಲ್ಲಿ ದೆಹಲಿಯ ಟೂರ್ನಿಯೊಂದರಲ್ಲಿ ಬ್ಲೂಟೂತನ್ನು ಟೋಪಿಯೊಳಗೆ ಹೊಲಿದುಕೊಂಡು ಬಂದವನಿಗೆ ಹತ್ತು ವರ್ಷ ನಿಷೇಧವಾಯಿತು. ಬೆಂಗಳೂರಿನ ಪಾಲೂ ಇದೆ, ಆದರೆ ಅಲ್ಲಿ ನಿಮ್ಮ ಕುಲದವರಿಗೆ ಕೆಲಸವಿರಲಿಲ್ಲ, ಆಟ ಆನ್‌ಲೈನಿನಲ್ಲಿತ್ತು. 2021ರ ಜೂನಿನಲ್ಲಿ ಕೊರೊನಾ ಸಹಾಯಾರ್ಥ ವಿಶ್ವನಾಥನ್ ಆನಂದ್ ಒಂದಷ್ಟು ಖ್ಯಾತನಾಮರ ಜೊತೆ ಆಡಿದರು. ಕಿಚ್ಚ ಸುದೀಪ್ ಆಡಿದರು, ಸೋತರು. ಆಮಿರ್ ಖಾನ್ ಆಡಿದರು, ಸೋತರು. ನಮ್ಮೂರಿನ ಷೇರು ಉದ್ಯಮಿ ನಿಖಿಲ್ ಕಾಮತ್ ಆಡಿದರು, ಗೆದ್ದುಬಿಟ್ಟರು! ಕಂಪ್ಯೂಟರಿನ ಮತ್ತು ಬಲ್ಲವರ ನೆರವಿತ್ತೆಂದು ಮರುದಿನ ಅವರೇ ಒಪ್ಪಿಕೊಂಡು ಕ್ಷಮೆ ಕೇಳಿದರು. ತಮಾಷೆಗೆ ಮಾಡಿದ್ದು, ನಿಜವೆಂದು ಜನ ನಂಬುತ್ತಾರೆಂದು ಅಂದುಕೊಂಡಿರಲಿಲ್ಲವಂತೆ. ದಾನಕ್ಕೆಂದು ಕೂತ ಪಂಕ್ತಿಯಲ್ಲೂ ಎರಡು ಹೋಳಿಗೆ ಜೇಬಿಗೆ ಇಳಿಸುವವರನ್ನು ನಾವು ಕಂಡಿಲ್ಲವೇ? ಹಾಗೆಂದುಕೊಂಡು ಸುಮ್ಮನಾದೆವು.

1997ರಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರಿಗೆ ಸೋತ ಕ್ಯಾಸ್ಪರೊವ್, ಯಂತ್ರದ ಹಿಂದೆ ಯಾರೋ ಮನುಷ್ಯ ಕೂತು ಸಹಾಯ ಮಾಡಿರಬೇಕೆಂದು ಶಂಕಿಸಿದ್ದರು. ಈಗ ಮನುಷ್ಯ ಚೆನ್ನಾಗಿ ಆಡಿದರೆ ಹಿಂದೆ ಯಂತ್ರವಿದೆಯೆಂಬ ಶಂಕೆ. 2022ರಲ್ಲಿ ಸೇಂಟ್ ಲೂಯಿಯಲ್ಲಿ ಹಾನ್ಸ್ ನೀಮನ್‌ಗೆ ಸೋತ ಕಾರ್ಲ್‌ಸನ್ ಟೂರ್ನಿಯನ್ನೇ ಬಿಟ್ಟುಹೋದರು. ಆ ಹುಡುಗ ಯಂತ್ರವನ್ನು ದೇಹದ ಯಾವ ಭಾಗದಲ್ಲಿ ಬಚ್ಚಿಟ್ಟಿರಬಹುದೆಂದು ಲೋಕವೆಲ್ಲ ಊಹಿಸಿತು. ಅದನ್ನಿಲ್ಲಿ ಬರೆದರೆ ಮಗಳು ಓದುತ್ತಾಳೆ. ಬೇಕಾದರೆ ಬಟ್ಟೆ ಬಿಚ್ಚಿಯೇ ಆಡುತ್ತೇನೆ ಎಂದ ನೀಮನ್. ಚಿಕ್ಕಂದಿನಲ್ಲಿ ಆನ್‌ಲೈನಿನಲ್ಲಿ ಮೋಸ ಮಾಡಿದ್ದನ್ನು ಒಪ್ಪಿದ, ಬೋರ್ಡಿನ ಮುಂದೆ ಕೂತು ಮಾಡಿದ್ದಿಲ್ಲ ಎಂದ, 10 ಕೋಟಿ ಡಾಲರಿಗೆ ದಾವೆ ಹೂಡಿದ, ಮರುವರ್ಷ ರಾಜಿಯಾಯಿತು. ನನಗೆ ಇದರಲ್ಲಿ ಕಂಡದ್ದು ಇಷ್ಟು: ಅವತ್ತೇ ಕಾರ್ಲ್‌ಸನ್ ಮೇಜು ಗುದ್ದಿದ್ದರೆ ಎಲ್ಲರ ವಕೀಲರ ಖರ್ಚು ಉಳಿಯುತ್ತಿತ್ತು.

ಇನ್ನು ನನ್ನ ಸ್ವಂತ ಕೋರಿಕೆ. ನಮ್ಮಲ್ಲಿ ಭಾನುವಾರಗಳಂದು ಕಲ್ಯಾಣ ಮಂಟಪಗಳಲ್ಲಿ ಅಂಡರ್-9, ಅಂಡರ್-11 ಟೂರ್ನಿಗಳಿರುತ್ತವೆ. ಊಟದ ಹಾಲಿನ ಉದ್ದನೆಯ ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಸುರುಳಿ ಬಿಚ್ಚಿದ ಬೋರ್ಡು ಹರಡಿ ಮಕ್ಕಳನ್ನು ಕೂರಿಸುತ್ತಾರೆ. ಇಟ್ಟ ಕಾಯಿಯಿಂದ ಕೈ ಬಿಟ್ಟರೆ ನಡೆ ಮುಗಿಯಿತೆಂಬುದು ನಿಯಮ. ಆದರೂ 1994ರಲ್ಲಿ ಲಿನಾರೆಸ್‌ನಲ್ಲಿ ಕ್ಯಾಸ್ಪರೊವ್ ಕುದುರೆಯನ್ನು ಇಟ್ಟು, ಕೈಬಿಟ್ಟು, ಮತ್ತೆ ಎತ್ತಿ ಬೇರೆ ಮನೆಗೆ ಒಯ್ದಾಗ ಹದಿನೇಳರ ಜುಡಿಟ್ ಪೋಲ್ಗಾರ್ ಆಕ್ಷೇಪಿಸದೆ ಸುಮ್ಮನಿದ್ದಳು. ವೀಡಿಯೋದಲ್ಲಿ ಕಾಲು ಸೆಕೆಂಡು ಕೈ ಬಿಟ್ಟಿದ್ದು ಕಂಡಿತು. ನಮ್ಮ ಎಂಟು ವರ್ಷದವರಿಗೆ ಆ ಸಂಕೋಚವಿಲ್ಲ. ‘ಸಾರ್, ಟಚ್ ಮೂವ್!’ ಎಂದು ಛಾವಣಿ ಹಾರುವಂತೆ ಕೂಗುತ್ತಾರೆ, ಆರ್ಬಿಟರ್ ಓಡಿಬರುತ್ತಾರೆ, ಒಬ್ಬರು ಅಳುತ್ತಾರೆ, ಹತ್ತು ನಿಮಿಷಕ್ಕೆ ಇಬ್ಬರೂ ಕೈತೊಳೆಯುವ ಜಾಗದಲ್ಲಿ ನೀರೆರಚಾಡುತ್ತಿರುತ್ತಾರೆ. ಮಕ್ಕಳ ಸಮಸ್ಯೆ ಅಲ್ಲಿಗೆ ಮುಗಿಯಿತು.

ಮುಗಿಯದೆ ಉಳಿಯುವುದು ಗೇಟಿನಾಚೆ ನಿಂತ ಅಪ್ಪಂದಿರದು. ಕಿಟಕಿ ಸರಳಿಗೆ ಮುಖ ಒತ್ತಿಕೊಂಡು ಕೆಮ್ಮುವವರು, ಆ ಕೆಮ್ಮಿನಲ್ಲೇ ಒಂಟೆಯನ್ನು ಎಲ್ಲಿಗೆ ನಡೆಸಬೇಕೆಂದು ಹೇಳುವವರು, ಮಗ ಹೊರಗೆ ಬಂದ ಕೂಡಲೇ ನೀರು ಕೊಡುವ ಮೊದಲು ‘ಮಂತ್ರಿ ಯಾಕೋ ಕೊಟ್ಟೆ?’ ಎಂದು ಗದರುವವರು, ಆರ್ಬಿಟರ್ ಯಾವ ಊರಿನವನೆಂದು ವಿಚಾರಿಸುವವರು. ಹೋದ ತಿಂಗಳು ಒಬ್ಬ ಮಹನೀಯರು ಎದುರಾಳಿ ಹುಡುಗಿಯ ಹೇರ್‌ಬ್ಯಾಂಡ್ ತಪಾಸಣೆ ಮಾಡಿಸಬೇಕೆಂದು ಅರ್ಜಿ ಬರೆದುಕೊಟ್ಟರು. ಆ ಹೇರ್‌ಬ್ಯಾಂಡ್ ನನ್ನ ಮಗಳದು, ಅದರಲ್ಲಿದ್ದದ್ದು ಒಂದು ಪ್ಲಾಸ್ಟಿಕ್ ಚಿಟ್ಟೆ.

ಆದ್ದರಿಂದ ದೊಡ್ಡ ಮನಸ್ಸು ಮಾಡಿ, ನಿಮ್ಮ ಬಂಧುಗಳಲ್ಲಿ ಗಟ್ಟಿ ತೇಗದ ಇಬ್ಬರನ್ನು ಇಲ್ಲಿಗೆ ಕಳಿಸಿಕೊಡಿ. ಒಬ್ಬರನ್ನು ಗೇಟಿನ ಹೊರಗೆ ಹಾಕಿಸುತ್ತೇವೆ, ಅಪ್ಪಂದಿರು ಸಾಲಾಗಿ ಬಂದು ತಲೆಗೊಂದರಂತೆ ಗುದ್ದಿ ಮನೆಗೆ ಹೋಗಲಿ. ಇನ್ನೊಬ್ಬರು ಸ್ಪೇರ್ ಇರಲಿ, ಮುಂದಿನ ವಾರ ರಾಜ್ಯಮಟ್ಟದ ಟೂರ್ನಿ ಇದೆ. ಸಾಗಣೆ ಖರ್ಚು ನಮ್ಮದು.

ಇತಿ ತಮ್ಮ ವಿಧೇಯ,
ಗೇಟಿನ ಹೊರಗೆ ನಿಂತಿರುವ ಒಬ್ಬ ಅಪ್ಪ