ವಡೆಗೂ ದೋಸೆಗೂ ನಡುವೆ ಚಿತ್ರಶಾಲೆ

ಭಾನುವಾರ ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗುವುದೆಂದು ಬೆಂಗಳೂರಿನ ರಾಯರ ಮನೆಯಲ್ಲಿ ಗುರುವಾರವೇ ತೀರ್ಮಾನವಾಯಿತು. ಮಿಕ್ಕದ್ದೆಲ್ಲ ತಿಂಡಿಯ ಚರ್ಚೆ.

“ಐದಕ್ಕೆ ಹೊರಟರೆ ಬಿಡದೀಲಿ ತಟ್ಟೆ ಇಡ್ಲಿ, ಮದ್ದೂರಲ್ಲಿ ವಡೆ.”

“ಎಕ್ಸ್‌ಪ್ರೆಸ್‌ವೇ ಹತ್ತಿದ್ರೆ ಎರಡೂ ಸಿಗಲ್ಲ ಕಣ್ರೀ. ಹಳೇ ರಸ್ತೇಲೇ ಹೋಗೋಣ.”

“ಚಿತ್ರ ಯಾವಾಗಪ್ಪಾ ನೋಡೋದು?” ಎಂದಳು ಮಗಳು.

“ವಡೆಗೂ ದೋಸೆಗೂ ನಡುವೆ ಅರ್ಧ ಗಂಟೆ ಬಿಟ್ಟಿದ್ದೀನಲ್ಲ!”

“ರವಿವರ್ಮ ಬರೆದ ದೀಪದ ಹೆಂಗಸಿನ ಮುಂದೆ ಸೆಲ್ಫಿ ತೆಗೀಬೇಕು. ಅದಕ್ಕೇ ಅಂತ ಸೀರೆ ಇಸ್ತ್ರಿಗೆ ಕೊಟ್ಟಿದ್ದೀನಿ.”

“ಅಮ್ಮಾ, ಅದು ರವಿವರ್ಮಂದಲ್ಲ. ಎಸ್. ಎಲ್. ಹಲ್ದಂಕರ್ ಬರೆದದ್ದು, ತಮ್ಮ ಮಗಳು ಗೀತಾಳನ್ನೇ ನಿಲ್ಲಿಸಿಕೊಂಡು. ರವಿವರ್ಮ 1906ರಲ್ಲೇ ತೀರಿಹೋದ. ಈ ಚಿತ್ರ 1940ರ ದಶಕದ್ದು.”

“ನಮ್ಮಜ್ಜಿ ಮನೆ ಕ್ಯಾಲೆಂಡರಿನಲ್ಲಿ ರವಿವರ್ಮ ಅಂತಲೇ ಇತ್ತಮ್ಮ,” ಎಂದರು ರಾಯರು. ಆ ಮನೆಯಲ್ಲಿ ಕ್ಯಾಲೆಂಡರಿಗಿಂತ ದೊಡ್ಡ ಸಾಕ್ಷಿಯಿಲ್ಲ.

ಪಾಪ, ಈ ತಪ್ಪು ರಾಯರೊಬ್ಬರದಲ್ಲ. ಜ್ವಾಲೆಗೆ ಮರೆಯಾಗಿಟ್ಟ ಅಂಗೈ, ಬೆರಳ ಸಂದಿಯಲ್ಲಿ ಕೆಂಪಗೆ ಸೋರುವ ಬೆಳಕು, ಮುಖದ ಮೇಲೆ ಅದರ ಹೊಳಪು. ಇಷ್ಟನ್ನು ನೋಡಿದವರು ರವಿವರ್ಮನ ತೈಲವರ್ಣವೆಂದೇ ನಂಬಿಬಿಡುತ್ತಾರೆ. ಅದು ಜಲವರ್ಣ, ತಪ್ಪಿದರೆ ತಿದ್ದುವುದು ಬಲು ಕಷ್ಟದ ಮಾಧ್ಯಮ. ಅರ್ಧ ಗಂಟೆ ಆ ಒಂದು ಅಂಗೈಗೇ ಸಾಲದು.

“ಹಾಗಾದ್ರೆ ರವಿವರ್ಮನ್ನ ನೋಡೋಕೆ ಎಲ್ಲಿಗೆ ಹೋಗ್ಬೇಕು?” ಎಂದು ರಾಯರು ಮುನಿಸಿಕೊಂಡರು.

“ಅಲ್ಲಿಗೇ ಅಪ್ಪಾ.”

1861ರಲ್ಲಿ ಕಟ್ಟಿದ ಆ ಅರಮನೆಯಲ್ಲಿ 1915ರಿಂದ ಚಿತ್ರಶಾಲೆಯಿದೆ. ರವಿವರ್ಮನ ಅಸಲಿ ಚಿತ್ರಗಳೂ ಅಲ್ಲೇ ಇವೆ. ರಾಯರ ವೇಳಾಪಟ್ಟಿಯಲ್ಲಿ ಅವುಗಳಿಗೆ ಒಂದು ನಿಮಿಷವೂ ಇರಲಿಲ್ಲ.