ಬೇಟ್‌ಕಾಸ್ಟಿಂಗ್ ರೀಲಿನ ತೌಲನಿಕ ಮೀಮಾಂಸೆ: ಚಿತ್ರದುರ್ಗ ಸೀಮೆಯ ಕೆರೆಗಳನ್ನು ಅನುಲಕ್ಷಿಸಿ

ಪ್ರಸ್ತಾವನೆ

ಗಾಳದ ರೀಲು ಬರಿಯ ವಸ್ತುವಲ್ಲ, ಅದೊಂದು ಸಂಕಥನ. ದಡದ ಮೇಲಿನ ಅಸ್ತಿತ್ವಕ್ಕೂ ನೀರೊಳಗಿನ ಅಸ್ತಿತ್ವಕ್ಕೂ ನಡುವೆ ಏರ್ಪಡುವ ಮುಖಾಮುಖಿಯ ತಂತುವೇ ದಾರ. ಸುತ್ತಿಕೊಳ್ಳುವ ಮತ್ತು ಬಿಚ್ಚಿಕೊಳ್ಳುವ ಈ ದ್ವಂದ್ವಾತ್ಮಕ ಪ್ರಕ್ರಿಯೆಯನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಾಲ್ಕು ಪ್ರಾದೇಶಿಕ ಚಹರೆಗಳ ನೆಲೆಯಲ್ಲಿ ನಿಂತು ಮರುಓದಿಗೆ ಒಳಪಡಿಸುವುದು ಪ್ರಸ್ತುತ ಪ್ರಬಂಧದ ಆಶಯ. ಇದರ ಅರ್ಥವೇನೆಂದು ಕೇಳುವವರು ಪ್ರಶ್ನೋತ್ತರದ ಅವಧಿಯವರೆಗೆ ತಾಳ್ಮೆಯಿಂದ ಇರಬೇಕು. ಪ್ರಶ್ನೋತ್ತರಕ್ಕೆ ಸಮಯ ಉಳಿದಿರುವುದಿಲ್ಲ; ಅಷ್ಟರಲ್ಲಿ ಊಟ ಸಿದ್ಧವಾಗಿರುತ್ತದೆ.

ಅಧ್ಯಯನದ ಅಗತ್ಯ, ವ್ಯಾಪ್ತಿ ಮತ್ತು ಮಿತಿ

ನಾಡಿನಲ್ಲಿ ಈಚೆಗೆ ಎರಡು ಬಗೆಯ ವಿದ್ವಾಂಸರು ಹೆಚ್ಚಿದ್ದಾರೆ. ಒಂದು ಬಗೆಯವರು ವಿಚಾರ ಸಂಕಿರಣದಲ್ಲಿ ‘ಜಲಸಂಸ್ಕೃತಿಯ ಬಹುಮುಖಿ ನೆಲೆಗಳು’ ಎಂದು ಒಂದೂವರೆ ತಾಸು ಓದುತ್ತಾರೆ. ಸಭಾಂಗಣದ ಹಿಂದಿನ ನಲ್ಲಿಯಲ್ಲಿ ಕೈ ತೊಳೆಯಲು ನೀರಿರುವುದಿಲ್ಲ. ಇನ್ನೊಂದು ಬಗೆಯವರು ಮೊಬೈಲಿನೊಳಗೆ ಕೂತು ಹೊಸ ರೀಲಿನ ಡಬ್ಬಿ ಬಿಚ್ಚುತ್ತ, ಹ್ಯಾಂಡಲ್ ತಿರುಗಿಸಿ ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ತಲೆದೂಗುತ್ತಾರೆ. ಅವರ ಹಿಂದೆ ಕಾಣುವುದು ಸೋಫಾ, ಕೆರೆಯಲ್ಲ. ಇಬ್ಬರನ್ನೂ ಒಂದೇ ವಾರದಲ್ಲಿ ಕೇಳುವ ಯೋಗ ನನಗೆ ಕೂಡಿಬಂತು. ಮೊದಲನೆಯವರ ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿತ್ತು. ಎರಡನೆಯವರನ್ನು ನನ್ನ ತಂಗಿಯ ಮಗ ತೋರಿಸಿದ. “ಮಾವ, ಇದರಲ್ಲಿ ಯಾವ್ದು ತಗಳ್ಳಲಿ, ನೀನೇ ಹೇಳು” ಎಂದು ಹಟ ಹಿಡಿದ. ಸಂಕಿರಣದವರಲ್ಲಿ ‘ನೆಲೆ’ ಎಷ್ಟು ಸಲ ಬರುತ್ತದೋ ಮೊಬೈಲಿನವರಲ್ಲಿ ‘ಪರ್ಫಾರ್ಮೆನ್ಸ್’ ಅಷ್ಟು ಸಲ ಬರುತ್ತದೆ ಎಂಬ ಸಾಮ್ಯವನ್ನು ಗುರುತಿಸಿದ ಮೊದಲ ಸಂಶೋಧಕ ನಾನೇ ಇರಬೇಕು.

ಅನುದಾನದ ಕೊರತೆಯಿಂದ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳನ್ನು ಅಧ್ಯಯನದಿಂದ ಕೈಬಿಡಲಾಗಿದೆ. ಅವೆರಡಕ್ಕೂ ಇದೇನೂ ಹೊಸ ಅನುಭವವಲ್ಲ.

ಪೂರ್ವಸೂರಿಗಳ ಸಮೀಕ್ಷೆ

ಈ ಕ್ಷೇತ್ರದ ಆದ್ಯರು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. 12ನೇ ಶತಮಾನದ ಅವರ ಸಂಸ್ಕೃತ ಕೃತಿ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಸಮುದ್ರದ ಮೀನು ಯಾವುದು, ಹೊಳೆಯದು ಯಾವುದು, ಹುರುಪೆ ಇರುವುದು ಯಾವುದು, ಇಲ್ಲದ್ದು ಯಾವುದು, ಯಾವುದಕ್ಕೆ ಏನು ತಿನ್ನಿಸಿದರೆ ದಡಕ್ಕೆ ಬರುತ್ತದೆ, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂದೆಲ್ಲ ಅರಸ ಕೂತು ಬರೆದಿದ್ದಾನೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಭಾಗದ ಮೇಲೆ ಇಂಗ್ಲಿಷಿನಲ್ಲಿ ಲೇಖನ ಬರೆದರು. ಓದುತ್ತ ಹೋದರೆ ಅರಸ ನಿಜವಾಗಿ ಮೀನನ್ನು ನೋಡಿದ್ದ ಎಂಬ ಅನುಮಾನ ಬಲವಾಗುತ್ತದೆ. ಈ ಒಂದು ದೋಷದಿಂದಾಗಿ ಕೃತಿಗೆ ಇಂದು ಯಾವ ವಿಶ್ವವಿದ್ಯಾಲಯದಲ್ಲೂ ಪಿಎಚ್.ಡಿ. ಸಿಗಲಾರದು.

ಇನ್ನು ರೀಲಿನ ವಂಶಾವಳಿ. ಅಮೆರಿಕದ ಕೆಂಟಕಿಯಲ್ಲಿ 19ನೇ ಶತಮಾನದ ಆರಂಭದಲ್ಲಿ ಬೇಟ್‌ಕಾಸ್ಟಿಂಗ್ ಬಗೆಯ ರೀಲು ಮಾಡಿದವನೆಂದು ಹೆಸರಾದ ಜಾರ್ಜ್ ಸ್ನೈಡರ್ ಗಡಿಯಾರ ಮಾಡುವವ. ಮುಂದೆ ರೀಲಿಗೆ ಹೆಸರಾದ ಸ್ವೀಡನ್ನಿನ ಆಬು ಕಂಪನಿ 1921ರಲ್ಲಿ ಗಡಿಯಾರದ ಕಾರ್ಖಾನೆಯಾಗಿಯೇ ಹುಟ್ಟಿದ್ದು. ಅದೇ 1921ರಲ್ಲಿ ಜಪಾನಿನ ಸಕಾಯಿ ಪಟ್ಟಣದಲ್ಲಿ ಇನ್ನೊಂದು ರೀಲು ಕಂಪನಿ ಶಿಮಾನೊ ಶುರುವಾಯಿತು. ಅಲ್ಲಿ ಮೊದಲು ಮಾಡಿದ್ದು ಸೈಕಲ್ಲಿನ ಫ್ರೀವೀಲ್. ಹೀಗೆ ರೀಲು ಬೆಸ್ತರ ಮನೆಯಲ್ಲಿ ಹುಟ್ಟಿದ್ದಲ್ಲ, ಹಲ್ಲುಚಕ್ರದವರ ಮನೆಯಲ್ಲಿ ಹುಟ್ಟಿದ್ದು. ಇದನ್ನು ‘ಯಾಂತ್ರಿಕ ಅನನ್ಯತೆಯ ಪರಾತ್ಮಕ ನೆಲೆ’ ಎಂದು ಕರೆಯಬಹುದು. ಕರೆಯದೆಯೂ ಇರಬಹುದು.

ಸೈದ್ಧಾಂತಿಕ ಚೌಕಟ್ಟು ಮತ್ತು ವರ್ಗೀಕರಣ

ಸ್ಪಿನ್ನಿಂಗ್ ರೀಲಿನಲ್ಲಿ ಗಾಳ ಎಸೆದಾಗ ಸ್ಪೂಲು ಸುತ್ತುವುದಿಲ್ಲ, ದಾರ ಅದರ ಅಂಚಿನಿಂದ ಸುರುಳಿಯಾಗಿ ಜಾರಿ ಹೋಗುತ್ತದೆ. ಬೇಟ್‌ಕಾಸ್ಟಿಂಗಿನಲ್ಲಿ ಸ್ಪೂಲೇ ಗಿರಗಿರ ತಿರುಗುತ್ತದೆ. ತುದಿಗೆ ಕಟ್ಟಿದ್ದು ಗಾಳಿಯಲ್ಲಿ ವೇಗ ಕಳೆದುಕೊಂಡರೂ ಸ್ಪೂಲಿಗೆ ಆ ಸುದ್ದಿ ಮುಟ್ಟಿರುವುದಿಲ್ಲ. ಅದು ಬಿಚ್ಚುತ್ತಲೇ ಇರುತ್ತದೆ, ಹೆಚ್ಚಾದ ದಾರ ಒಳಗೇ ಸಿಕ್ಕುಬೀಳುತ್ತದೆ. ಅದಕ್ಕೇ ಹೆಬ್ಬೆರಳು ಸ್ಪೂಲಿನ ಮೇಲಿರಬೇಕು. ನಾಯಕನಹಟ್ಟಿಯ ತೇರು ಹೊರಟಾಗ ಗಾಲಿಯ ಪಕ್ಕದಲ್ಲೇ ಸನ್ನೆ ಹಿಡಿದು ನಡೆಯುವವನ ಕೆಲಸ ಈ ಬೆರಳಿನದು: ಬೇಗ ಕೊಟ್ಟರೆ ತೇರು ನಿಂತುಬಿಡುತ್ತದೆ, ತಡವಾದರೆ ಅನಾಹುತ. ಕಂಪನಿಗಳೆಲ್ಲ ನೂರು ವರ್ಷದಿಂದ ಮಾರುತ್ತಿರುವುದು ಈ ಹೆಬ್ಬೆರಳಿಗೆ ಬದಲಿಯನ್ನು. ಅದರ ಆಧಾರದ ಮೇಲೆ ರೀಲುಗಳನ್ನು ಹೀಗೆ ವಿಂಗಡಿಸಲಾಗಿದೆ:

ಅ) ಕಾಂತನಿಗ್ರಹ ಪ್ರಭೇದ. ಸ್ಪೂಲಿನ ಪಕ್ಕದಲ್ಲಿ ಅಯಸ್ಕಾಂತಗಳಿರುತ್ತವೆ. ಅಲ್ಯೂಮಿನಿಯಂ ಸ್ಪೂಲು ಜೋರಾಗಿ ತಿರುಗಿದಷ್ಟೂ ಅದರಲ್ಲಿ ಸುಳಿ ವಿದ್ಯುತ್ತು ಹುಟ್ಟಿ ತಡೆ ಹೆಚ್ಚುತ್ತದೆ. ಹೊರಗಿನ ಗುಂಡಿ ತಿರುಗಿಸಿ ಹೆಚ್ಚುಕಡಿಮೆ ಮಾಡಬಹುದು. ಹೊಸಬರಿಗೆ ಒಳ್ಳೆಯದು.

ಆ) ಕೇಂದ್ರಾಪಗಾಮಿನಿಗ್ರಹ ಪ್ರಭೇದ. ಸ್ಪೂಲಿನ ಜೊತೆ ತಿರುಗುವ ಪುಟ್ಟ ತುಂಡುಗಳು ವೇಗಕ್ಕೆ ಹೊರಕ್ಕೆ ಸರಿದು ಉಂಗುರಕ್ಕೆ ಉಜ್ಜಿ ತಡೆಯುತ್ತವೆ. ಪಳಗಿದವರಿಗೆ ಇದೇ ಇಷ್ಟ, ದೂರ ಹೋಗುತ್ತದೆ.

ಇ) ಗಣಕನಿಗ್ರಹ ಪ್ರಭೇದ. ಶಿಮಾನೊದವರ ‘ಡಿಸಿ’ ಇದಕ್ಕೆ ನಿದರ್ಶನ. ಸ್ಪೂಲು ತಿರುಗುವುದರಿಂದಲೇ ಕರೆಂಟು ಹುಟ್ಟಿ ಒಳಗಿನ ಚಿಪ್ಪು ಎಚ್ಚರವಾಗುತ್ತದೆ, ಬ್ಯಾಟರಿ ಬೇಡ. ಸೆಕೆಂಡಿಗೆ ಸಾವಿರ ಸಲ ಸ್ಪೂಲಿನ ವೇಗ ಅಳೆದು, ಎಷ್ಟು ಬೇಕೋ ಅಷ್ಟೇ ತಡೆ ಕೊಡುತ್ತದೆ. ಎಸೆದಾಗ ಕುಂಯ್ ಎಂದು ಸದ್ದೂ ಬರುತ್ತದೆ.

ಈ) ಬಲಗೈ ರೀಲು. ಉ) ಎಡಗೈ ರೀಲು. ಊ) ಬಲಗೈಯವನು ಕೊಂಡ ಎಡಗೈ ರೀಲು. ಋ) ಕೊಂಡು ಅಟ್ಟದ ಮೇಲಿಟ್ಟ ರೀಲು. ವರ್ಣಮಾಲೆ ಮುಗಿಯುವವರೆಗೂ ಎಳೆಯುವ ಉದ್ದೇಶವಿತ್ತು. ಸಾಕು.

ಸಾಕೆನ್ನಿಸಿದ್ದು ‘ಇ’ಯಿಂದಾಗಿ. ಬಟ್ಟಲಿನಷ್ಟು ದೊಡ್ಡ ಡಬ್ಬಿಯೊಳಗೆ ಕೂತ ಚಿಪ್ಪೊಂದು ದಾರದ ವೇಗವನ್ನು ಸೆಕೆಂಡಿಗೆ ಸಾವಿರ ಸಲ ಅಳೆಯುತ್ತದೆ. ನಮ್ಮೂರ ಕೆರೆಯಲ್ಲಿ ಎಷ್ಟಡಿ ನೀರಿದೆ, ಎಷ್ಟಡಿ ಹೂಳಿದೆ ಎಂದು ವರ್ಷಕ್ಕೊಂದು ಸಲ ಅಳೆಯುವ ಒಬ್ಬನೇ ಒಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ವಾಣಿವಿಲಾಸ ಸಾಗರದ ಮಟ್ಟವನ್ನು ಪತ್ರಿಕೆಯವರು ಅಡಿ ಲೆಕ್ಕದಲ್ಲಿ ಹಾಕುತ್ತಾರೆ, ಸರಿ. ಆದರೆ ಬಳ್ಳಾರಿ ಜಾಲಿ ಬೆಳೆದು ಏರಿಯೇ ಕಾಣದ ಕೆರೆಗಳ ಗತಿ? ಅವನ್ನು ಅಳೆಯುವುದು ಮೀನು ಪಾಶುವಾರು ಹಕ್ಕಿನ ಹರಾಜಿನ ದಿನ, ಅದೂ ರೂಪಾಯಿಯಲ್ಲಿ.

ಕ್ಷಮಿಸಿ. ಚೌಕಟ್ಟಿಗೆ ಮರಳೋಣ.

ಗುಣವಿಶೇಷಗಳ ತೌಲನಿಕ ವಿಶ್ಲೇಷಣೆ

ಬೇರಿಂಗ್. ಡಬ್ಬಿಯ ಮೇಲೆ ‘10+1’ ಎಂದಿದ್ದರೆ ಹತ್ತು ಬಾಲ್ ಬೇರಿಂಗು, ಒಂದು ರೋಲರ್ ಬೇರಿಂಗು ಎಂದರ್ಥ. ಸಂಖ್ಯೆ ಹೆಚ್ಚಾದ ಮಾತ್ರಕ್ಕೆ ರೀಲು ಉತ್ತಮವಾಗುವುದಿಲ್ಲ. ನಾಲ್ಕೇ ಒಳ್ಳೆಯ ಬೇರಿಂಗು ಸಾಕು. ವಿದ್ವಾಂಸರ ಹೆಸರಿನ ಮುಂದಿನ ಪದವಿಗಳ ವಿಷಯದಲ್ಲೂ ಈ ನಿಯಮ ಅನ್ವಯಿಸುತ್ತದೆಯೇ ಎಂಬುದು ಮುಂದಿನ ಅಧ್ಯಯನದ ವಸ್ತು.

ಡ್ರ್ಯಾಗ್. ಮೀನು ಜಗ್ಗಿದಾಗ ದಾರ ಹರಿಯದಂತೆ ಬಿಗಿಯುತ್ತ ಬಿಡುವ ಏರ್ಪಾಡು. ದಾರ ತಡೆಯುವ ಭಾರದ ಕಾಲುಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗಕ್ಕೆ ಬಿಗಿದುಕೊಂಡರೆ ಸಾಕು. ಡಬ್ಬಿಯ ಮೇಲಿನ ಕಿಲೋ ಲೆಕ್ಕ ನೋಡಿ ಬೆರಗಾಗಬೇಕಿಲ್ಲ.

ಗೇರ್ ಅನುಪಾತ. 6.3:1 ಎಂದರೆ ಹ್ಯಾಂಡಲ್ ಒಂದು ಸುತ್ತಿಗೆ ಸ್ಪೂಲು 6.3 ಸುತ್ತು. ಕಟ್ಲಾ, ರೋಹು ಬೇಕಾದವರು ಹಿಟ್ಟಿನ ಉಂಡೆ ತಳಕ್ಕೆ ಬಿಟ್ಟು ಕಾಯುತ್ತಾರೆ. ಅವರಿಗೆ ಬೇಟ್‌ಕಾಸ್ಟಿಂಗೇ ಬೇಕಿಲ್ಲ, ಅಗ್ಗದ ಸ್ಪಿನ್ನಿಂಗ್ ರೀಲು ಸಾಕು. ಈ ಯಂತ್ರ ನಿಜಕ್ಕೂ ಒದಗಿಬರುವುದು ಕೊರವ ಮೀನಿಗೆ. ಅದು ಜೊಂಡಿನೊಳಗೆ ಕೂತಿರುತ್ತದೆ. ಮೇಲೆ ರಬ್ಬರಿನ ಕಪ್ಪೆ ಎಳೆದರೆ ಎಗರಿ ಕಚ್ಚುತ್ತದೆ, ಕಚ್ಚಿದ ಕೂಡಲೇ ಗಿಡಗಂಟೆಗೆ ನುಗ್ಗುತ್ತದೆ. ಅಷ್ಟರೊಳಗೆ ಎಳೆದುಕೊಳ್ಳಲು 7ರ ಮೇಲಿನ ಅನುಪಾತ, ಗಟ್ಟಿ ಹೆಣಿಗೆ ದಾರ, ದಪ್ಪ ಕೋಲು ಬೇಕು. ಇಷ್ಟನ್ನು ನೇರವಾಗಿ ಹೇಳಲು ಮೊಬೈಲಿನ ವಿದ್ವಾಂಸರಿಗೆ ಇಪ್ಪತ್ತು ನಿಮಿಷ ಸಾಲಲಿಲ್ಲ.

ಕ್ಷೇತ್ರಕಾರ್ಯ: ಹೊಸದುರ್ಗ ಕಡೆಯ ಹಿನ್ನೀರು

ವಾಣಿವಿಲಾಸ ಸಾಗರವೆಂದರೆ ಮಾರಿಕಣಿವೆಯ ಅಣೆಕಟ್ಟು; 1907ರಲ್ಲಿ ಮುಗಿದದ್ದು, ತುಂಬಿದರೆ 130 ಅಡಿ, 30 ಟಿಎಂಸಿ. ರಾಣಿ ವಾಣಿವಿಲಾಸ ಸನ್ನಿಧಾನದ ಹೆಸರು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬೀಳಲು 2022ರ ಸೆಪ್ಟೆಂಬರ್ ಬರಬೇಕಾಯಿತು. ಹಿರಿಯೂರಿನ ಕಡೆ ಜನ ಜಾತ್ರೆಯಂತೆ ನೆರೆದರು. ಹೊಸದುರ್ಗದ ಕಡೆ ಹಿನ್ನೀರಿನವರು ಮುಳುಗಿದ ತೋಟ ನೋಡುತ್ತ ನಿಂತರು. ಒಂದೇ ನೀರು, ಎರಡು ‘ನೆಲೆ’.

ಆ ಹಿನ್ನೀರಿಗೆ ಅಳಿಯನನ್ನು ಕರೆದುಕೊಂಡು ಹೋದೆ. ಗೆಳೆಯನಿಂದ ಎರವಲು ತಂದ ರೀಲು, ಬೆಲೆ ಹದಿನಾರು ಸಾವಿರ. ಮೊದಲ ಎಸೆತಕ್ಕೇ ಹೆಬ್ಬೆರಳು ಎತ್ತಿಬಿಟ್ಟ. ಕಪ್ಪೆ ಹತ್ತು ಮಾರು ದೂರದಲ್ಲಿ ತಟಕ್ಕನೆ ನಿಂತು ಕೆಳಗೆ ಬಿತ್ತು. ರೀಲಿನೊಳಗೆ ಹಸಿರು ದಾರ ಉಬ್ಬಿ, ಮುಚ್ಚಳದ ಸಂದಿಯಿಂದ ಕುಣಿಕೆ ಕುಣಿಕೆಯಾಗಿ ಹೊರಗೆ ಇಣುಕಿತು. ಹುಡುಗ ಕಲ್ಲಿನ ಮೇಲೆ ಕೂತು ಉಗುರಿನಿಂದ ಒಂದೊಂದೇ ಎಳೆ ಬಿಡಿಸತೊಡಗಿದ. ಪಕ್ಕದಲ್ಲಿ ಬಿದಿರ ಕೋಲು, ತೆಂಗಿನ ಚಿಪ್ಪಿನಲ್ಲಿ ಎರೆಹುಳು, ಬೆಂಡಿನ ಮೇಲೆ ಕಣ್ಣಿಟ್ಟು ಕೂತವನೊಬ್ಬ ಅಷ್ಟರಲ್ಲಿ ಅಂಗೈಯಗಲದ ಜಿಲೇಬಿ ಮೀನು ಎರಡು ಎತ್ತಿ ಚೀಲಕ್ಕೆ ಹಾಕಿದ್ದ. ‘ಜಾಗತೀಕರಣಕ್ಕೆ ದೇಸಿಯ ಮೌನ ಪ್ರತಿರೋಧ’ ಎಂಬ ಉಪಶೀರ್ಷಿಕೆ ಬರೆದುಕೊಳ್ಳಲು ಪೆನ್ನು ತೆಗೆದೆ. ಆತ ಕೋಲು ಕೆಳಗಿಟ್ಟು ಹತ್ತಿರ ಬಂದು, ರೀಲನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ.

“ಎಷ್ಟು ಸಾ ಇದು?”

ಹೇಳಿದೆ.

“ಕಂತಿನ ಮ್ಯಾಲೆ ಕೊಡ್ತಾರಾ?”

ಪ್ರತಿರೋಧದ ಅಧ್ಯಾಯ ಅಲ್ಲಿಗೆ ಮುಗಿಯಿತು. ಬಡವನ ಕೈಯಲ್ಲಿ ಬಿದಿರು ಇರುವುದು ತತ್ತ್ವಕ್ಕಲ್ಲ, ದುಡ್ಡಿಲ್ಲದ್ದಕ್ಕೆ. ಇದನ್ನು ಯಾವ ಸಂಕಿರಣದಲ್ಲೂ ಯಾರೂ ಓದಿದ್ದು ನೆನಪಿಲ್ಲ.

ದಾರದ ಸಾಮರ್ಥ್ಯ: ಹೊಳಲ್ಕೆರೆಯ ವಿಶೇಷ ಸಂದರ್ಭ

ಸಾಧಾರಣ ರೀಲು ಸುಮಾರು 100 ಮೀಟರ್ ದಾರ ಹಿಡಿಯುತ್ತದೆ, ಅಂದರೆ 328 ಅಡಿ. ಹೊಳಲ್ಕೆರೆ ಕಡೆಯ ಅಡಿಕೆ ತೋಟದಲ್ಲಿ ಸಾವಿರ ಅಡಿ ಕೊರೆದರೂ ನೀರು ಸಿಕ್ಕೀತೆಂಬ ಖಾತ್ರಿಯಿಲ್ಲ. ಸಿಕ್ಕ ನೀರಲ್ಲಿ ಫ್ಲೋರೈಡು. ಬೇಸಿಗೆ ಕೆಟ್ಟರೆ ಮರಕ್ಕೆ ಟ್ಯಾಂಕರ್. ಆದುದರಿಂದ ಇಲ್ಲಿ ನೀರು ಮುಟ್ಟಬೇಕಾದರೆ ಮೂರು ರೀಲಿನ ದಾರ ಗಂಟು ಹಾಕಬೇಕು; ಆಗಲೂ 16 ಅಡಿ ಕಡಿಮೆ ಬೀಳುತ್ತದೆ. 34 ಮಿಲಿಮೀಟರ್ ಸ್ಪೂಲು, 8.1:1 ಅನುಪಾತ, ಸ್ಪೂಲು ತುಂಬಿಯೇ ಇರುತ್ತದೆಂದು ಭಾವಿಸಿದರೂ, ಸಾವಿರ ಅಡಿಯಿಂದ ಮೇಲೆತ್ತಲು ಹ್ಯಾಂಡಲ್ 352 ಸುತ್ತು ತಿರುಗಿಸಬೇಕು. ಈ ಮಾನದಂಡದಲ್ಲಿ ಮಾರುಕಟ್ಟೆಯ ಯಾವ ರೀಲೂ ಉತ್ತೀರ್ಣವಾಗಿಲ್ಲ.

ಲೆಕ್ಕ ತಮಾಷೆಯಾಗಿ ಶುರುವಾಯಿತು. ಮುಗಿಸುವಾಗ ನಗು ಬರಲಿಲ್ಲ; ಈ ಸೀಮೆಯ ಹಿಂದಿನವರು ನೆನಪಾದರು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವಿದೆ, ಮೂರೇ ಸಾಲು. ಪಲ್ಲವರು, ಆಭೀರರು ಮೊದಲಾಗಿ ತಾನು ಗೆದ್ದವರ ಹೆಸರುಗಳು ಅದರಲ್ಲಿವೆ, ಆದರೆ ಆತ ಬಂಡೆ ಕೆತ್ತಿಸಿದ್ದು ಒಂದು ಕೆರೆಯ ಸಲುವಾಗಿ. ಕೋಟೆಯ ಮೇಲೆ ನಾಯಕರ ಕಾಲದವರು ಮಳೆನೀರನ್ನು ಗೋಪಾಲಸ್ವಾಮಿ ಹೊಂಡದಿಂದ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡ, ಸಂತೆಹೊಂಡಕ್ಕೆ ಇಳಿಸಿಕೊಂಡರು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಜನ ಕೆರೆ ಕಟ್ಟಿಸಿದವರೆಂದೇ ನೆನೆಯುತ್ತಾರೆ. ಅರಸ, ಪಾಳೆಯಗಾರ, ಅವಧೂತ ಮೂವರಿಗೂ ಕೆರೆ ದೊಡ್ಡ ಕೆಲಸವಾಗಿತ್ತು. ನಮಗೆ ಅದು ಪ್ರಬಂಧದ ವಿಷಯ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ 367 ಕೆರೆಗಳಿಗೆ ಅವುಗಳ ಅರ್ಧ ಸಾಮರ್ಥ್ಯದಷ್ಟು ನೀರು ತುಂಬಿಸುವುದೆಂದು ಬರೆದಿದೆ. ಕಾಗದದ ಮೇಲೂ ಅರ್ಧ! 2023ರ ಕೇಂದ್ರ ಬಜೆಟ್ಟಿನಲ್ಲಿ ಈ ಯೋಜನೆಗೆ 5,300 ಕೋಟಿ ಎಂದು ಬಹಳ ದೂರಕ್ಕೆ ಬೀಸಿದರು. ಎಲ್ಲಿ ಬಿತ್ತು ಎಂದು ಕೇಳಿದರೆ ದಿಲ್ಲಿಯವರು ಬೆಂಗಳೂರಿನತ್ತ, ಬೆಂಗಳೂರಿನವರು ದಿಲ್ಲಿಯತ್ತ ಕೈ ತೋರಿಸುತ್ತಾರೆ. ಆ ಸಿಕ್ಕು ಬಿಡಿಸಲು ಕೂತ ಹುಡುಗರೇ ಮುದುಕರಾದರು.

ಶಿಫಾರಸುಗಳು

ಒಂದು: ಅಳಿಯನಿಗೆ ಕೊರವ ಮೀನಿನ ಹುಚ್ಚೇ ಇದ್ದರೆ, ಕಾಂತದ ಬ್ರೇಕಿನ, 7ರ ಆಸುಪಾಸಿನ ಅನುಪಾತದ, ಬಿಡಿಭಾಗ ಬೆಂಗಳೂರಿನಲ್ಲಾದರೂ ಸಿಗುವ ಮಧ್ಯಮ ಬೆಲೆಯ ರೀಲು ಕೊಳ್ಳಲಿ. ಅದಕ್ಕಿಂತ ಮೇಲಿನ ದುಡ್ಡೆಲ್ಲ ಬಣ್ಣಕ್ಕೆ, ಕುಂಯ್ ಸದ್ದಿಗೆ.

ಎರಡು: ಕೊಂಡ ಮೇಲೆ ದಾರಕ್ಕೆ ಮೀಟರಿಗೊಂದು ಮಸಿಯ ಗುರುತು ಹಾಕಿ, ತುದಿಗೆ ಸೀಸದ ಗುಂಡು ಕಟ್ಟಿ, ಊರ ಕೆರೆಯ ತೂಬಿನ ಹತ್ತಿರ ಇಳಿಬಿಡಲಿ. ಎಷ್ಟು ಗುರುತು ಮುಳುಗಿತೋ ದಿನಾಂಕದ ಜೊತೆ ಬರೆದಿಡಲಿ. ಮಳೆ ಮುಗಿದ ಮೇಲೊಮ್ಮೆ, ಬೇಸಿಗೆಯಲ್ಲೊಮ್ಮೆ.

ಮೂರು: ಆ ಚೀಟಿ ಲಗತ್ತಿಸಿ, ನಮ್ಮ ಕೆರೆಯ ಹೂಳು ಕೊನೆಗೆ ತೆಗೆದದ್ದು ಯಾವಾಗ, ಆ 367ರಲ್ಲಿ ನಮ್ಮದು ಇದೆಯೇ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಲಿ. ಶುಲ್ಕ ಹತ್ತು ರೂಪಾಯಿ. ಮೌಲ್ಯದ ದೃಷ್ಟಿಯಿಂದ ಈ ಅಧ್ಯಯನದಲ್ಲಿ ಪರಿಶೀಲಿಸಿದ ಸಲಕರಣೆಗಳಲ್ಲೆಲ್ಲ ಇದೇ ಅಗ್ಗ. ಡ್ರ್ಯಾಗ್ ಮಾತ್ರ 30 ದಿನ ಹಿಡಿಯುತ್ತದೆ, ಆಮೇಲೆ ಮೇಲ್ಮನವಿ.